ದೆವ್ವಗಳ ಹಬ್ಬದಲ್ಲಿ ಅನ್ನದ ಲೆಕ್ಕ



ಒಂದು ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೈಯಲ್ಲಿ ಎತ್ತಿ ಹಿಡಿಯಬಹುದಾದಷ್ಟು ಸಣ್ಣದು. ಬಣ್ಣ ಕಂದು. ಮೈಯೆಲ್ಲ ಸುಕ್ಕು. ಕಣ್ಣಿರಬೇಕಾದ ಕಡೆ ಎರಡು ತೂತು. ಬಾಯಿ ತೆರೆದಿದೆ, ಅದರಲ್ಲಿ ಎಣಿಸಿದಷ್ಟೇ ಹಲ್ಲು. ಕಂಡವರು ಇದು ಯಾವುದೋ ಒಣಗಿದ ತಲೆ ಅಂದುಕೊಳ್ಳಬೇಕು, ಹಾಗಿದೆ.

ತಲೆಯಲ್ಲ, ಗೆಡ್ಡೆ. ಟರ್ನಿಪ್ ಅನ್ನುತ್ತಾರಲ್ಲ, ಮೂಲಂಗಿಯ ಬಳಗದ್ದು, ದುಂಡಗಿನದು. ಐರ್ಲೆಂಡಿನ ಡೊನೆಗಾಲ್ ಸೀಮೆಯ ಫಿನ್‌ಟೌನ್ ಎಂಬ ಊರಿನಲ್ಲಿ ಯಾರೋ ಅದನ್ನು ಕೊರೆದು, ಒಳಗೆ ದೀಪ ಇಡುವಂತೆ ಮಾಡಿದ್ದರು. ಅದರ ಪ್ಲಾಸ್ಟರ್ ಅಚ್ಚು ಈಗ ಮೇಯೋ ಸೀಮೆಯಲ್ಲಿರುವ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹಳ್ಳಿಯ ಬದುಕಿಗೆಂದೇ ಮೀಸಲಾದ ಸಂಗ್ರಹಾಲಯ ಅದು.

ಇವತ್ತಿನ ಮಾತು ಹ್ಯಾಲೋವೀನ್ ಬಗ್ಗೆ. ಅಕ್ಟೋಬರ್ 31ರ ರಾತ್ರಿ ನಡೆಯುವ ಹಬ್ಬ. ನಿಮ್ಮಲ್ಲಿ ಹಲವರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಆ ದಿನ ಫೋನಿಗೆ ಫೋಟೋ ಬರುತ್ತದೆ. ಮೊಮ್ಮಗ ಅಸ್ಥಿಪಂಜರದ ಅಂಗಿ ತೊಟ್ಟು ನಿಂತಿದ್ದಾನೆ. ಬಾಗಿಲ ಬಳಿ ಹಲ್ಲು ಕಿರಿದ ಕುಂಬಳಕಾಯಿ. ‘ಇದೇನಪ್ಪಾ, ದೆವ್ವಕ್ಕೂ ಒಂದು ಹಬ್ಬವೇ?’ ಎಂದು ನೀವು ನಕ್ಕಿರಬಹುದು.

ನನಗನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹಬ್ಬದಲ್ಲಿ ದೆವ್ವ ಬರಿಯ ವೇಷ. ವೇಷ ಕಳಚಿದರೆ ಒಳಗೆ ಸಿಗುವುದು ಹಸಿವು. ಯಾರ ಮನೆಯಲ್ಲಿ ಊಟ ಇದೆ, ಯಾರ ಮನೆಯಲ್ಲಿ ಇಲ್ಲ, ಈ ಚಳಿಗಾಲ ದಾಟುತ್ತೇವೋ ಇಲ್ಲವೋ ಎಂಬ ಲೆಕ್ಕ. ಕುಂಬಳಕಾಯಿ, ಮಿಠಾಯಿ, ಕೊನೆಗೆ ಡ್ರಾಕುಲಾ ಕೂಡ ಈ ಲೆಕ್ಕದೊಳಗೇ ಬರುತ್ತಾರೆ.

ಮೂಲದಿಂದ ಶುರು ಮಾಡೋಣ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಪಂಚಾಂಗದಲ್ಲಿ ನವೆಂಬರ್ 1ಕ್ಕೆ ಸೌವಿನ್ ಎಂಬ ಹಬ್ಬ. ಅಲ್ಲಿಗೆ ಸುಗ್ಗಿ ಮುಗಿಯಿತು, ಚಳಿಗಾಲ ಶುರುವಾಯಿತು. ಬೇಸಿಗೆಯೆಲ್ಲ ಗುಡ್ಡದ ಮೇಲೆ ಮೇಯುತ್ತಿದ್ದ ದನಗಳನ್ನು ಆಗ ಕೆಳಗೆ ಹೊಡೆದುಕೊಂಡು ಬರುತ್ತಿದ್ದರು. ಹುಲ್ಲು ಎಷ್ಟಿದೆ ನೋಡಬೇಕು. ದನ ಎಷ್ಟಿವೆ ನೋಡಬೇಕು. ಸಾಕಲಾಗದ್ದನ್ನು ಕಡಿದು, ಮಾಂಸ ಕೂಡಿಡಬೇಕು. ದೊಡ್ಡ ಬೆಂಕಿ ಹಾಕುತ್ತಿದ್ದರು. ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ. ಆ ಕಾಲದ ಜನ ಸ್ವತಃ ಏನನ್ನೂ ಬರೆದಿಟ್ಟಿಲ್ಲ. ನಮಗೆ ಸಿಕ್ಕಿರುವುದೆಲ್ಲ ಮುಂದೆ ಕ್ರೈಸ್ತ ಸಂನ್ಯಾಸಿಗಳು ಬರೆದದ್ದು. ಹಾಗಾಗಿ ‘ಎರಡು ಸಾವಿರ ವರ್ಷದಿಂದ ಹೀಗೇ ನಡೆದುಬಂದಿದೆ’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಸ್ವಲ್ಪ ಅನುಮಾನಿಸಿ.

ಚರ್ಚು ಇದೇ ದಿನಕ್ಕೆ ತನ್ನ ಹಬ್ಬವನ್ನು ಇಟ್ಟಿತು. ನವೆಂಬರ್ 1 ಎಲ್ಲ ಸಂತರ ದಿನ, ನವೆಂಬರ್ 2 ಸತ್ತವರೆಲ್ಲರ ಆತ್ಮಗಳ ದಿನ. ಈ ಎರಡನೆಯದು ನಮ್ಮಲ್ಲೂ ಇದೆ. ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕರು ಅಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆ ದಿನಗಳಿಗೆ ಇನ್ನೊಂದು ಪದ್ಧತಿ ಸೇರಿತ್ತು. ಬಡವರು ಮನೆಮನೆಗೆ ಹೋಗುತ್ತಿದ್ದರು. ಹಾಡುತ್ತಿದ್ದರು. ಮನೆಯವರು ಆತ್ಮದ ಹೆಸರಿನ ಸಣ್ಣ ದುಂಡು ಕೇಕು ಕೊಡುತ್ತಿದ್ದರು. ತೆಗೆದುಕೊಂಡವರು ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಬೇಕು. ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಒಂದು ಹೊತ್ತಿನ ಊಟ. ವೇಷ ಹಾಕಿದ ಮಕ್ಕಳು ಇಂದು ಬಾಗಿಲು ತಟ್ಟುತ್ತಾರಲ್ಲ, ಅದರ ಅಜ್ಜ ಈ ಭಿಕ್ಷೆ.

ಐರ್ಲೆಂಡಿನಲ್ಲಿ ಆ ರಾತ್ರಿ ಒಣದ್ರಾಕ್ಷಿ ಹಾಕಿದ ಒಂದು ಬ್ರೆಡ್ಡು ಮಾಡುತ್ತಾರೆ. ಬಾರ್ಮ್‌ಬ್ರ್ಯಾಕ್ ಎಂದು ಹೆಸರು. ಹಿಟ್ಟಿನೊಳಗೆ ಉಂಗುರ, ನಾಣ್ಯ, ಬಟ್ಟೆಯ ಚೂರು ಇಡುವುದು ಪದ್ಧತಿ. ಉಂಗುರ ಸಿಕ್ಕಿದವರಿಗೆ ಮದುವೆ. ನಾಣ್ಯ ಸಿಕ್ಕಿದವರಿಗೆ ದುಡ್ಡು. ಬಟ್ಟೆಯ ಚಿಂದಿ ಸಿಕ್ಕಿದವರಿಗೆ ಬಡತನ. ಹಬ್ಬದ ಬ್ರೆಡ್ಡಿನಲ್ಲೇ ಬಡತನವನ್ನೂ ಬೇಯಿಸಿ ಇಡುವ ಜನ ಅದನ್ನು ಎಷ್ಟು ಹತ್ತಿರದಿಂದ ಕಂಡಿರಬೇಕು!

ಇನ್ನು ಆ ಟರ್ನಿಪ್ ದೀಪ. ಅದಕ್ಕೊಂದು ಜನಪದ ಕತೆ ಇದೆ. ಜ್ಯಾಕ್ ಎಂಬ ಜಿಪುಣ, ಕುಡುಕ. ಸೈತಾನನಿಗೇ ಟೋಪಿ ಹಾಕಿದ. ಸತ್ತ ಮೇಲೆ ಸ್ವರ್ಗ ಸೇರಿಸಲಿಲ್ಲ. ನರಕದಲ್ಲೂ ಜಾಗವಿಲ್ಲ, ಅವನನ್ನು ಒಯ್ಯುವುದಿಲ್ಲ ಎಂದು ಸೈತಾನ ಕೊಟ್ಟ ಮಾತು ಅಡ್ಡ ಬಂತು. ಕತ್ತಲಲ್ಲಿ ಅಲೆಯಲು ಒಂದು ಕೆಂಡ ಕೊಟ್ಟು ಕಳಿಸಿದ. ಜ್ಯಾಕ್ ತಾನು ತಿನ್ನುತ್ತಿದ್ದ ಟರ್ನಿಪ್ಪನ್ನೇ ಟೊಳ್ಳು ಮಾಡಿ ಕೆಂಡ ಅದರಲ್ಲಿಟ್ಟುಕೊಂಡ. ನೋಡಿ, ದೀಪದ ಬುಟ್ಟಿ ಕೂಡ ಊಟದಿಂದಲೇ ಬಂತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚಳಿಗಾಲದ ಬಾಗಿಲಲ್ಲಿ ಮೇವು, ಆಹಾರದ ಲೆಕ್ಕ. ಬಡವರಿಗೆ ಆತ್ಮದ ಕೇಕು. ಟರ್ನಿಪ್ಪಿನ ದೀಪ. ಹಾಗಾದರೆ ಕುಂಬಳಕಾಯಿ ಎಲ್ಲಿಂದ ಬಂತು?

ಹಾಸನದ ಆಲೂಗಡ್ಡೆ ಬೆಳೆಗಾರರು ಈ ಮಾತು ಕೇಳುತ್ತಿದ್ದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಅಂಗಮಾರಿ ಗೊತ್ತಲ್ಲ? ಮೋಡ ಕವಿದು, ಜಡಿ ಮಳೆ ಹಿಡಿದರೆ ಎಲೆಯ ಮೇಲೆ ಕಪ್ಪು ಮಚ್ಚೆ. ಕೆಲವೇ ದಿನಕ್ಕೆ ಹೊಲ ಸುಟ್ಟಂತೆ ಆಗುತ್ತದೆ. ನೆಲ ಅಗೆದರೆ ಗೆಡ್ಡೆ ಕೊಳೆತಿರುತ್ತದೆ. ಅದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಂತು. ಅಮೆರಿಕ ಖಂಡದಿಂದ ಬಂದ ರೋಗ. ಐರ್ಲೆಂಡಿನ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಹೆಚ್ಚುಕಡಿಮೆ ಬೇರೆ ಊಟ ಇರಲಿಲ್ಲ. ಮುಂದಿನ ಐದಾರು ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಊರು ಬಿಟ್ಟರು. ಆ ದಿನಗಳಲ್ಲಿಯೂ ಐರ್ಲೆಂಡಿನ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಜನರ ಹೊಟ್ಟೆಗೆಂದು ಸರ್ಕಾರ ತರಿಸಿದ್ದು ಅಮೆರಿಕದ ಮೆಕ್ಕೆಜೋಳ. ಅದನ್ನು ಹೇಗೆ ಬೇಯಿಸುವುದೆಂದೇ ಜನಕ್ಕೆ ಗೊತ್ತಿರಲಿಲ್ಲ.

ಊರು ಬಿಟ್ಟವರು ಬಾಸ್ಟನ್, ನ್ಯೂಯಾರ್ಕ್ ಸೇರಿದರು. ಹಬ್ಬವನ್ನೂ ಜೊತೆಗೆ ಒಯ್ದರು. ಅಲ್ಲಿ ಟರ್ನಿಪ್ಪಿಗಿಂತ ಹತ್ತು ಪಾಲು ದೊಡ್ಡ, ಮೆತ್ತಗಿನ, ಒಳಗೆ ಆಗಲೇ ಅರ್ಧ ಟೊಳ್ಳಾಗಿರುವ ಒಂದು ಕಾಯಿ ಸಿಕ್ಕಿತು. ಟರ್ನಿಪ್ ಕೊರೆಯುವುದು ಮಣಿಕಟ್ಟು ನೋಯಿಸುವ ಕೆಲಸ. ಕುಂಬಳಕ್ಕೆ ಒಂದು ಚಾಕು, ಒಂದು ಸೌಟು ಸಾಕು.

ಆದರೆ ಇದನ್ನೆಲ್ಲ ಐರಿಷರೇ ಕಲಿಸಿದರು ಎನ್ನುವುದು ಪೂರ್ತಿ ಸರಿಯಲ್ಲ. 1850ರ ಹೊತ್ತಿಗಾಗಲೇ ಮ್ಯಾಸಚೂಸೆಟ್ಸ್‌ನ ಕವಿ ವಿಟ್ಟಿಯರ್ ಕುಂಬಳದ ಮೇಲೊಂದು ಪದ್ಯ ಪ್ರಕಟಿಸಿದ್ದ. ಚಿಕ್ಕಂದಿನಲ್ಲಿ ಕುಂಬಳಕ್ಕೆ ಮುಖ ಕೆತ್ತಿ ಒಳಗೆ ಬತ್ತಿ ಹಚ್ಚಿದ ನೆನಪು ಅದರಲ್ಲಿದೆ. ಅವನ ಪದ್ಯದಲ್ಲಿ ಹ್ಯಾಲೋವೀನ್ ಇಲ್ಲ, ಸುಗ್ಗಿಯ ಹಬ್ಬ ಇದೆ. ಅದಕ್ಕೂ ಮುಂಚೆ, 1820ರಲ್ಲಿ, ವಾಷಿಂಗ್ಟನ್ ಅರ್ವಿಂಗ್ ಬರೆದ ತಲೆಯಿಲ್ಲದ ಕುದುರೆ ಸವಾರನ ಕತೆ ಬಂದಿತ್ತು. ಇಂದಿನ ಚಿತ್ರಗಳಲ್ಲಿ ಆ ಸವಾರನ ಕೈಯಲ್ಲಿ ಉರಿಯುವ ಕುಂಬಳ ಇರುತ್ತದೆ. ಮೂಲ ಕತೆಯಲ್ಲಿ ಇರುವುದು ಒಡೆದು ಬಿದ್ದ ಒಂದು ಮಾಮೂಲಿ ಕುಂಬಳಕಾಯಿ. ಮುಖವೂ ಇಲ್ಲ, ದೀಪವೂ ಇಲ್ಲ. ಆ ಕತೆಯ ಮೇಷ್ಟ್ರು ದೆವ್ವಕ್ಕೆ ಎಷ್ಟು ಹೆದರುತ್ತಾನೋ ಅಷ್ಟೇ ಹೊಟ್ಟೆಬಾಕ. ಅವನು ಮದುವೆಯಾಗಲು ಹೊರಟ ಹುಡುಗಿಯ ಅಪ್ಪನ ಉಗ್ರಾಣ ನೋಡಿಯೇ ಅವನ ಬಾಯಲ್ಲಿ ನೀರೂರುತ್ತದೆ.

ಕುಂಬಳ ಅಮೆರಿಕ ಖಂಡದ ಬಹಳ ಹಳೆಯ ಬೆಳೆ. ಮೆಕ್ಸಿಕೋದ ಓಹಾಕಾ ಪ್ರಾಂತದ ಒಂದು ಗುಹೆಯಲ್ಲಿ ಸುಮಾರು 10 ಸಾವಿರ ವರ್ಷ ಹಿಂದಿನ ಬೀಜ ಸಿಕ್ಕಿವೆ. ಅಲ್ಲಿ ಮೆಕ್ಕೆಜೋಳಕ್ಕಿಂತ ಮೊದಲು ಮನುಷ್ಯನ ಕೈಗೆ ಬಂದದ್ದು ಈ ಬಳ್ಳಿ. ಆಮೇಲೆ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಹಾಕತೊಡಗಿದರು. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತದೆ. ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಕಾಯುತ್ತದೆ, ಕಳೆ ತಡೆಯುತ್ತದೆ. ನಮ್ಮ ಅಕ್ಕಡಿ ಸಾಲು ಬೇಸಾಯ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಕ್ಕೆ ಒಂದು ಸುತ್ತಾಯಿತು. ಗೆಡ್ಡೆ ಹೋಗಿ ಕುಂಬಳ ಬಂತು. ನಡುವೆ ಒಂದು ದೊಡ್ಡ ಬರಗಾಲ ಇತ್ತು. ಇನ್ನು ದೆವ್ವಗಳ ಕಡೆ ಹೋಗೋಣ. ಹ್ಯಾಲೋವೀನ್ ರಾತ್ರಿ ಬೀದಿಯಲ್ಲಿ ಸಿಗುವ ಇಬ್ಬರು ಹಳಬರು, ಫ್ರಾಂಕನ್‌ಸ್ಟೈನನ ರಾಕ್ಷಸ ಮತ್ತು ಡ್ರಾಕುಲಾ. ಇಬ್ಬರೂ ಪುಸ್ತಕದಿಂದ ಬಂದವರು. ಇಬ್ಬರ ಹಿಂದೆಯೂ ಹಸಿವಿದೆ.

ಮೊದಲನೆಯವನ ಕತೆ ಇಂಡೋನೇಷ್ಯಾದಲ್ಲಿ ಶುರುವಾಗುತ್ತದೆ. 1815ರ ಏಪ್ರಿಲ್‌ನಲ್ಲಿ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಸಿಡಿತ, ಆಮೇಲಿನ ಹಸಿವು, ಎರಡೂ ಸೇರಿ ಆ ಸುತ್ತಿನ ದ್ವೀಪಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಗಂಧಕದ ಮಬ್ಬು ಭೂಮಿಯನ್ನೇ ಸುತ್ತಿತು. ಮರುವರ್ಷ, 1816ರಲ್ಲಿ, ಯುರೋಪಿಗೆ ಬೇಸಿಗೆ ಬರಲೇ ಇಲ್ಲ. ಜೂನ್, ಜುಲೈಯಲ್ಲೂ ಚಳಿ, ಮಳೆ. ಬೆಳೆ ಕೊಳೆಯಿತು. ಸ್ವಿಟ್ಜರ್‌ಲೆಂಡಿನಲ್ಲಿ ಬ್ರೆಡ್ಡಿನ ಬೆಲೆ ಕೈಗೆಟುಕದಂತಾಯಿತು. ಜನ ಕಾಡು ಸೊಪ್ಪು ತಿಂದರು. ಬೀದಿ ತುಂಬ ಭಿಕ್ಷುಕರು.

ಅದೇ ದೇಶದ ಜಿನೀವಾ ಸರೋವರದ ದಡದ ಬಂಗಲೆಯಲ್ಲಿ ಕೆಲವರು ಇಂಗ್ಲಿಷರು ಆ ಬೇಸಿಗೆ ಕಳೆಯಲು ಬಂದಿದ್ದರು. ಕವಿ ಬೈರನ್, ಕವಿ ಶೆಲ್ಲಿ, ಬೈರನ್ನನ ವೈದ್ಯ ಪಾಲಿಡೋರಿ, ಶೆಲ್ಲಿಯ ಸಂಗಾತಿ 18 ವರ್ಷದ ಮೇರಿ. ಮಳೆ ಬಿಡುತ್ತಿಲ್ಲ, ಹೊರಗೆ ಹೋಗುವಂತಿಲ್ಲ. ಒಬ್ಬೊಬ್ಬರೂ ಒಂದು ದೆವ್ವದ ಕತೆ ಬರೆಯೋಣ ಎಂದು ಬೈರನ್ ಹೇಳಿದ. ಮೇರಿ ಬರೆದದ್ದು ‘ಫ್ರಾಂಕನ್‌ಸ್ಟೈನ್’. 1818ರಲ್ಲಿ ಅಚ್ಚಾಯಿತು. ಪಾಲಿಡೋರಿಯಿಂದ ಒಂದು ರಕ್ತಪಿಪಾಸುವಿನ ಕತೆ ಬಂತು, ಡ್ರಾಕುಲಾನಿಗೆ ಮುಂದೆ ದಾರಿ ಮಾಡಿಕೊಟ್ಟದ್ದು ಅದೇ.

ಫ್ರಾಂಕನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರಲ್ಲ, ಅವನನ್ನು ಮಾಡಿದ ವಿಜ್ಞಾನಿಯದು. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಬೇರೆ ಇದೆ. ಕಾದಂಬರಿಯ ಆ ರಾಕ್ಷಸ ಹೊಟ್ಟೆಗಾಗಿ ಕುರಿಮರಿ, ಮೇಕೆಮರಿ ಕೊಲ್ಲುವವನಲ್ಲ. ಓಕ್ ಮರದ ಕಾಯಿ, ಕಾಡಿನ ಹಣ್ಣು ಸಾಕು ಎನ್ನುತ್ತಾನೆ. ಒಂದು ಬಡ ಕುಟುಂಬದ ಮನೆಯ ಪಕ್ಕದ ಗುಡಿಸಲಲ್ಲಿ ಅವಿತು ಕೂರುತ್ತಾನೆ. ರಾತ್ರಿ ಅವರ ಆಹಾರದಲ್ಲಿ ಸ್ವಲ್ಪ ಕದ್ದು ತಿನ್ನುತ್ತಾನೆ. ಒಂದು ದಿನ ನೋಡುತ್ತಾನೆ: ಮನೆಯ ಮಕ್ಕಳು ಕುರುಡ ಅಪ್ಪನಿಗೆ ಬಡಿಸಿ, ತಾವು ಉಪವಾಸ ಇರುತ್ತಾರೆ. ಅಂದಿನಿಂದ ಕದಿಯುವುದನ್ನು ಬಿಡುತ್ತಾನೆ. ಬದಲಿಗೆ ರಾತ್ರಿ ಸೌದೆ ತಂದು ಅವರ ಬಾಗಿಲಲ್ಲಿ ಹಾಕುತ್ತಾನೆ. ಆ ಹಸಿದ ವರ್ಷದಲ್ಲಿ ಬರೆದ ಪುಸ್ತಕದಲ್ಲಿ ಈ ಪ್ರಸಂಗ ಸುಮ್ಮನೆ ಬಂದಿರಲಾರದು. ಕತ್ತಿನಲ್ಲಿ ಬೋಲ್ಟ್, ಚಪ್ಪಟೆ ತಲೆ, ಇವೆಲ್ಲ 1931ರ ಹಾಲಿವುಡ್ ಚಿತ್ರದ ಕೊಡುಗೆ. ಅದರಲ್ಲಿ ರಾಕ್ಷಸನಾದ ನಟ ಬೋರಿಸ್ ಕಾರ್ಲಾಫ್ ಆಂಗ್ಲೋ ಇಂಡಿಯನ್ ಮನೆತನದವನು. ಅವನ ಅಪ್ಪ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು.

ಈಗ ಎರಡನೆಯವನು. ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ಐರಿಷ್. ಹುಟ್ಟಿದ್ದು ಡಬ್ಲಿನ್ನಿನ ಕ್ಲಾಂಟಾರ್ಫ್‌ನಲ್ಲಿ, 1847ರ ನವೆಂಬರ್‌ನಲ್ಲಿ. ಈಗಷ್ಟೇ ಹೇಳಿದ ಬರಗಾಲದ ಅತಿ ಕೆಟ್ಟ ವರ್ಷ ಅದು. ಐರ್ಲೆಂಡಿನಲ್ಲಿ ಅದನ್ನು ಇಂದಿಗೂ ಕರಾಳ ನಲವತ್ತೇಳು ಎನ್ನುತ್ತಾರೆ. ಹುಡುಗ ಏಳು ವರ್ಷದವರೆಗೆ ಹಾಸಿಗೆ ಹಿಡಿದಿದ್ದ. ತಾಯಿ ಷಾರ್ಲೆಟ್ ಸ್ಲೈಗೋ ಊರಿನವರು. 1832ರಲ್ಲಿ ಆ ಊರಿಗೆ ಕಾಲರಾ ಬಂದಾಗ ಜೀವ ಇದ್ದವರನ್ನೂ ಸತ್ತವರೊಡನೆ ಹೂಳಿದ ಕತೆಗಳನ್ನು ಅವರು ಮಗನಿಗೆ ಹೇಳುತ್ತಿದ್ದರು. ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಒಮ್ಮೆಯೂ ಹೋದವನಲ್ಲ. ಅದು ಗ್ರಂಥಾಲಯದಲ್ಲಿ ಓದಿ ತಿಳಿದ ದೇಶ. ಹೂತವರು ಎದ್ದು ಬರುವ ಭಯ ಮಾತ್ರ ಮನೆಯದೇ.

ಡ್ರಾಕುಲಾ ತನ್ನೂರಿನ ಮಣ್ಣನ್ನು 50 ಪೆಟ್ಟಿಗೆಗಳಲ್ಲಿ ತುಂಬಿ ಲಂಡನ್ನಿಗೆ ಸಾಗಿಸುತ್ತಾನೆ. ಊರಲ್ಲಿ ಜಮೀನು, ಕೋಟೆ. ವಾಸಕ್ಕೆ ಲಂಡನ್. ಬದುಕುವುದು ಇತರರ ರಕ್ತದ ಮೇಲೆ. ಐರಿಷ್ ವಿಮರ್ಶಕ ಸೀಮಸ್ ಡೀನ್ ಇವನಲ್ಲಿ ಊರಲ್ಲಿರದೆ ಗೇಣಿ ವಸೂಲಿ ಮಾಡುವ ಜಮೀನ್ದಾರನನ್ನು ಕಂಡರು. ಸ್ಟೋಕರ್ ಹಾಗೆ ಉದ್ದೇಶಿಸಿದ್ದನೋ ಇಲ್ಲವೋ, ಓದಿದರೆ ಅದು ಒಪ್ಪುತ್ತದೆ.

ಕೇಳುಗರೇ, ಹಿಂದಿನದನ್ನು ನೆನಪಿಟ್ಟುಕೊಳ್ಳಿ. ಬೆಳೆ ಕೆಟ್ಟ ಎರಡು ಕಾಲ, ಇಬ್ಬರು ರಾಕ್ಷಸರು. ಇನ್ನು ಮಕ್ಕಳಿಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಮಿಠಾಯಿ.

‘ತಿಂಡಿ ಕೊಡು, ಇಲ್ಲವಾದರೆ ಕೀಟಲೆ ಮಾಡುತ್ತೇವೆ’ ಎಂದು ಬಾಗಿಲಲ್ಲಿ ಕೂಗುವುದು ತೀರಾ ಹಳೆಯದೇನಲ್ಲ. 1927ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಬ್ಲ್ಯಾಕಿ ಎಂಬ ಸಣ್ಣ ಊರಿನಿಂದ ಬಂದ ಪತ್ರಿಕಾ ವರದಿಯಲ್ಲಿ ಆ ಕೂಗು ದಾಖಲಾಗಿದೆ. ಎರಡನೆಯ ಮಹಾಯುದ್ಧ ಬಂತು. 1942ರಿಂದ 1947ರವರೆಗೆ ಅಮೆರಿಕದಲ್ಲಿ ಸಕ್ಕರೆಗೆ ಪಡಿತರ. ಕೇಳಿದರೂ ಕೊಡಲು ಮಿಠಾಯಿ ಇರಲಿಲ್ಲ. ಪಡಿತರ ಮುಗಿದದ್ದೇ ತಡ, ಈ ಪದ್ಧತಿ ಊರೂರಿಗೆ ಹಬ್ಬಿತು. ಆಮೇಲೆ ಕಂಪನಿಗಳು ಬಿಡುತ್ತವೆಯೇ?

ಆ ದಿನ ಮಾರಾಟವಾಗುವ ಒಂದು ಮಿಠಾಯಿ ಮೆಕ್ಕೆಜೋಳದ ಕಾಳಿನಂತಿರುತ್ತದೆ. ತುದಿ ಬಿಳಿ, ನಡು ಕಿತ್ತಳೆ, ಬುಡ ಹಳದಿ. 1880ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದು. ಮೊದಮೊದಲು ಅದನ್ನು ‘ಕೋಳಿ ಮೇವು’ ಎಂಬ ಹೆಸರಿನಲ್ಲಿ, ಡಬ್ಬಿಯ ಮೇಲೆ ಹುಂಜದ ಚಿತ್ರ ಹಾಕಿ ಮಾರುತ್ತಿದ್ದರು. ಬರಗಾಲದ ಐರಿಷರಿಗೆ ಕಳಿಸಿದ್ದು ಇದೇ ಕಾಳು. ನಲವತ್ತು ವರ್ಷದಲ್ಲಿ ಅದು ಸಕ್ಕರೆಯಾಗಿ ಮಕ್ಕಳ ಜೇಬು ಸೇರಿತು.

ಇದೇ ಫಿಲಡೆಲ್ಫಿಯಾದಲ್ಲಿ 1950ರಲ್ಲಿ ಒಂದು ಪಾದ್ರಿ ಕುಟುಂಬ ಬೇರೆ ಯೋಚನೆ ಮಾಡಿತು. ಮಿಠಾಯಿಗೆ ಬದಲು ಚಿಲ್ಲರೆ ಕೇಳಿ ಎಂದು ಮಕ್ಕಳ ಕೈಗೆ ಖಾಲಿ ಹಾಲಿನ ಡಬ್ಬ ಕೊಟ್ಟರು. ಯುದ್ಧದಲ್ಲಿ ಹಸಿದ ಬೇರೆ ದೇಶದ ಮಕ್ಕಳಿಗಾಗಿ. ಮೊದಲ ಸಲ ಕೂಡಿದ್ದು 17 ಡಾಲರ್. ಯುನಿಸೆಫ್‌ಗೆ ಹೋದ ಆ ಡಬ್ಬದಿಂದ ಮುಂದೆ ಕೋಟ್ಯಂತರ ಡಾಲರ್ ಬಂತು. ನನಗೆ ಈ ಹಬ್ಬದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು. ಆತ್ಮದ ಕೇಕಿನ ಭಿಕ್ಷೆ ಮತ್ತೆ ಸರಿಯಾದ ವಿಳಾಸಕ್ಕೆ ಹೋಯಿತು.

ಹೊಟ್ಟೆ ತುಂಬಿದ ಮೇಲೆ ಹೊಸ ಭಯ ಬಂತು. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆ, ಬ್ಲೇಡು ಇಡುತ್ತಾರೆ ಎಂಬ ಸುದ್ದಿ ಪ್ರತಿ ಅಕ್ಟೋಬರ್‌ನಲ್ಲೂ ಏಳುತ್ತದೆ. ಡೆಲಾವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ಜಾಲಾಡಿದರು. ಹಾಗೆ ಯಾರೋ ಅಪರಿಚಿತರು ಹಂಚಿದ ವಿಷದಿಂದ ಮಗು ಸತ್ತ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಹುಡುಗ ಸಯನೈಡ್‌ನಿಂದ ಸತ್ತದ್ದು ನಿಜ. ಇಟ್ಟವನು ಸ್ವಂತ ಅಪ್ಪ, ವಿಮೆಯ ಹಣಕ್ಕಾಗಿ.

ಸುದ್ದಿ ದೆವ್ವವಾಗುವುದು ನಮ್ಮ ಬಾನುಲಿಗೂ ತಗುಲಿದ ಮಾತು. 1938ರ ಅಕ್ಟೋಬರ್ 30ರಂದು, ಹ್ಯಾಲೋವೀನಿನ ಹಿಂದಿನ ರಾತ್ರಿ, ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೋದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕ ಆಡಿಸಿದ, ಸುದ್ದಿ ಪ್ರಸಾರದ ಧಾಟಿಯಲ್ಲಿ. ದೇಶವೇ ಬೀದಿಗೆ ಓಡಿತು ಎಂದು ಮರುದಿನ ಪತ್ರಿಕೆಗಳು ಬರೆದವು. ಕೆಲವರು ಹೆದರಿದ್ದು ಹೌದು. ಉಳಿದದ್ದರಲ್ಲಿ ಬಹುಪಾಲು, ಜಾಹೀರಾತು ಕಸಿಯುತ್ತಿದ್ದ ರೇಡಿಯೋ ಮೇಲೆ ಪತ್ರಿಕೆಗಳಿಗಿದ್ದ ಸಿಟ್ಟು.

ಗೆಡ್ಡೆ, ಕುಂಬಳ, ರಾಕ್ಷಸ, ಮಿಠಾಯಿ ಎಲ್ಲ ಆಯಿತು. ಉಳಿದದ್ದು ನವೆಂಬರ್ 1ರ ಬೆಳಗ್ಗೆ. ಬಾಗಿಲ ಬಳಿಯ ಆ ಕುಂಬಳ ಏನಾಗುತ್ತದೆ?

ಬಹುಪಾಲು ಕಸಕ್ಕೆ ಹೋಗುತ್ತದೆ. ಹಸಿವಿನಿಂದ ಹುಟ್ಟಿದ ಹಬ್ಬದಲ್ಲಿ ಹೊಲಗಟ್ಟಲೆ ತರಕಾರಿ ತಿನ್ನದೆ ಕೊಳೆಯುತ್ತದೆ. ನನಗೆ ಇದು ಅಲ್ಲಿನ ಎಲ್ಲ ದೆವ್ವಗಳಿಗಿಂತ ಕೆಟ್ಟದಾಗಿ ಕಾಣುತ್ತದೆ. ತೂಕದ ಸ್ಪರ್ಧೆಗೆಂದು ಬೆಳೆಸುವ ಕುಂಬಳದ ಕತೆಯೂ ಅಷ್ಟೇ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಊರಿನಲ್ಲಿ ಗೆದ್ದ ಕಾಯಿ ಸುಮಾರು ಒಂದೂಕಾಲು ಟನ್ ತೂಗಿತು. ತಿನ್ನಲು ರುಚಿಯಿಲ್ಲ. ಪೋರ್ಟ್‌ಲೆಂಡಿನ ಒರೆಗಾನ್ ಮೃಗಾಲಯದವರು ಇಂಥ ದೈತ್ಯ ಕಾಯಿಗಳನ್ನು ಪ್ರತಿ ಅಕ್ಟೋಬರ್‌ನಲ್ಲಿ ಆನೆಗಳ ಮುಂದೆ ಇಡುತ್ತಾರೆ. ಆನೆ ಒಂದು ಕಾಲಿಟ್ಟು ಒಡೆದು, ಸೊಂಡಿಲಿನಲ್ಲಿ ಎತ್ತಿ ತಿಂದು ಮುಗಿಸುತ್ತದೆ. ಆನೆಗಾದರೂ ಬುದ್ಧಿ ಇದೆ.

ಕೊನೆಗೆ, ಅಮೆರಿಕದಲ್ಲಿ ಅಡುಗೆ ಮಾಡುವ ನಿಮ್ಮ ಮಗಳಿಗೋ ಸೊಸೆಗೋ ಒಂದು ಮಾತು ತಲುಪಿಸಿ. ಹಲ್ಲು ಕಿರಿಯುವ ಆ ಕಿತ್ತಳೆ ಕುಂಬಳವನ್ನು ಹುಳಿಗೆ ಹಾಕಬಾರದು. ಕೆತ್ತಲು ಚೆನ್ನಾಗಿರಲಿ ಎಂದು ಆರಿಸಿ ಬೆಳೆಸಿದ ತಳಿ, ನೀರು ನೀರು, ನಾರು ನಾರು. ಅಮೆರಿಕನ್ನರೇ ತಮ್ಮ ಕುಂಬಳದ ಕಡುಬಿಗೆ ಅದನ್ನು ಬಳಸುವುದು ಕಡಿಮೆ. ಇಲಿನಾಯ್‌ನಿಂದ ಡಬ್ಬಿಯಲ್ಲಿ ಬರುವ ತಿರುಳು ಹೆಚ್ಚಾಗಿ ಬೇರೆ ಜಾತಿಯ ಕುಂಬಳದ್ದು. ಉದ್ದನೆಯದು, ಮಣ್ಣು ಬಣ್ಣದ ಸಿಪ್ಪೆ. ನಮ್ಮ ಸಿಹಿಗುಂಬಳ, ಮಲೆನಾಡಿನವರು ಚೀನಿಕಾಯಿ ಎನ್ನುವುದು, ಅದೇ ಜಾತಿ. ಅದೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಮಾತ್ರ ಬೇರೆ ಕುಲ, ಏಷ್ಯಾದ್ದು.

ಅಲ್ಲಿನ ಅಂಗಡಿಯಲ್ಲಿ ಸಿಹಿಗುಂಬಳ ಸಿಗದಿದ್ದರೆ ಬಟರ್‌ನಟ್ ಕೇಳಲಿ. ತಂಬೂರಿಯ ಆಕಾರ, ತಿಳಿ ಕಂದು ಸಿಪ್ಪೆ, ಜಾತಿ ಒಂದೇ. ಕುತ್ತಿಗೆಯ ಭಾಗದಲ್ಲಿ ಬೀಜವೇ ಇರುವುದಿಲ್ಲ, ಗಟ್ಟಿ ತಿರುಳು. ಅದನ್ನು ಹುಳಿಗೆ ಹಾಕಲಿ, ಕೆಳಗಿನ ಭಾಗ ಪಲ್ಯಕ್ಕೆ. ಬಾಗಿಲಿಗಿಟ್ಟ ಕುಂಬಳದ ಬೀಜವನ್ನಾದರೂ ತೊಳೆದು, ಒಣಗಿಸಿ, ಉಪ್ಪು ಹಾಕಿ ಹುರಿದಿಡಲಿ. ಸಂಜೆ ಬಾಗಿಲು ತಟ್ಟುವ ಮಕ್ಕಳು ಅದನ್ನು ಮುಟ್ಟುವುದಿಲ್ಲ, ದೊಡ್ಡವರಿಗಾಯಿತು.